ದೊರೆಗೆ ಆಪರೇಷನ್ ಆಯ್ತು

ಮಾರ್ಚ್ ೨, ಸೋಮವಾರ

ಬೆಳಗ್ಗೆ ೧೩೮/೮೬.

ದಿನಾ ಬಿ.ಪಿ. ಬರೆದಿಡಿ ಎಂದು ಡಾಕ್ಟರು ಈ ನೋಟ್‌ಬುಕ್ ಕೊಟ್ಟಿದ್ದಾರೆ. ಇಡೀ ಪುಟಕ್ಕೆ ಎರಡೇ ಅಂಕಿ ಬರೆದು ಮಿಕ್ಕ ಜಾಗ ಖಾಲಿ ಬಿಡುವುದು ನನ್ನ ಜಾಯಮಾನವಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ, ಊಟ ಬಲ್ಲವನಿಗೆ ರೋಗವಿಲ್ಲ ಅನ್ನುತ್ತಾರೆ. ಮೊದಲರ್ಧ ನನಗೆ ಒಲಿದಿದೆ. ಎರಡನೇ ಅರ್ಧಕ್ಕೆ ಮಾತ್ರೆ ಬಂದಿದೆ.

ಕೆಡವಿದ ಮನೆಗಳ ಬಾಗಿಲು ಕಿಟಕಿ ತಂದು ಮಾರುವುದು ನನ್ನ ಕಸುಬು. ತಳ್ಳುಗಾಡಿಯಲ್ಲಿ ಒಂದೇ ಒಂದು ಕಿಟಕಿ ಇಟ್ಟುಕೊಂಡು ಶುರು ಮಾಡಿದವನು. ಇವತ್ತಿನ ಎಣಿಕೆಗೆ ಅಂಗಳದಲ್ಲಿ ನಲವತ್ತೊಂದು ಬಾಗಿಲು, ಅರವತ್ತಮೂರು ಕಿಟಕಿ, ಒಬ್ಬ ದೊರೆ. ದೊರೆ ಎಂದರೆ ನಾಯಿ. ನಾಲ್ಕು ವರ್ಷ, ಕಂದು ಮೈ, ಹಿಂಗಾಲ ಸುತ್ತ ಕುರಿಯ ಹಾಗೆ ದಟ್ಟ ಕೂದಲು. ಗೇಟಿನಿಂದ ಹಿಡಿದು ಅಂಗಳದ ಹಿಂದಿರುವ ನಮ್ಮ ಮನೆಯವರೆಗೂ ಅವನದೇ ರಾಜ್ಯ. ಅವನು ಬಂದಮೇಲೆ ಒಂದು ತಿರುಗಣಿಯೂ ಕಳುವಾಗಿಲ್ಲ. ನನ್ನ ಕೈಯಿಂದಲೇ ತಿನ್ನುತ್ತಾನೆ, ಐದೂ ಬೆರಳು ನೆಕ್ಕಿ ಚುಕ್ತಾ ಮಾಡುತ್ತಾನೆ.

ಮಧ್ಯಾಹ್ನ ಮಗಳು ಫೋನ್ ಮಾಡಿದಳು. "ಅಪ್ಪಾ, ನಂಗೆ ಎರಡು ತಿಂಗಳು ಟ್ರೇನಿಂಗ್ ನಿಮ್ಮೂರಲ್ಲೇ ಬಿದ್ದಿದೆ. ಏಪ್ರಿಲ್ ಹತ್ತೊಂಬತ್ತಕ್ಕೆ ಬರ್ತೀನಿ. ಗುಬ್ಬೀನ ಅಮ್ಮ ನೋಡ್ಕೋತಾಳೆ."

ಗುಬ್ಬಿ ನನ್ನ ಮೊಮ್ಮಗಳು. ಹದಿನಾಲ್ಕು ತಿಂಗಳು, ಈಗಷ್ಟೇ ನಡೆಯಲು ಕಲಿತಿದ್ದಾಳೆ.

"ಬಾರಮ್ಮ, ಅದಕ್ಕೇನು ಕೇಳ್ತೀಯ, ಮನೆ ನಿಂದೇ."

"ಮನೆ ನಂದಲ್ಲಪ್ಪ, ದೊರೇದು. ಮೊದ್ಲು ಅವನಿಗೆ ಆಪರೇಷನ್ ಮಾಡ್ಸಿ. ಇಲ್ಲಾಂದ್ರೆ ನಾನು ಬರಲ್ಲ."

ಕಳೆದ ಸಲ ಅವಳು ಬಂದಾಗ ಮಗು ಚಾಪೆಯ ಮೇಲೆ ಮಲಗಿತ್ತು. ದೊರೆ ಹೋಗಿ ಪಕ್ಕದಲ್ಲಿ ನಿಂತ. ಮಗುವಿಗೆ ಏನೂ ಮಾಡಲಿಲ್ಲ. ಮಗುವನ್ನು ಎತ್ತಿಕೊಳ್ಳಲು ಬಂದ ಮಗಳ ಮೇಲೆ ಗುರ್ರೆಂದ. ಅವಳು ಅದನ್ನು ಮರೆತಿಲ್ಲ. ನಾನೂ ಮರೆತಿಲ್ಲ. ಗಿರಾಕಿಗಳಿಗೆಲ್ಲ ಹೇಳಿಕೊಂಡಿದ್ದೇನೆ: ಕಾವಲು ಅಂದರೆ ಇದು, ಹೆತ್ತ ತಾಯಿಯನ್ನೂ ಹತ್ತಿರ ಬಿಡಲಿಲ್ಲ.

ಮಾರ್ಚ್ ೫, ಗುರುವಾರ

ಪ್ರಾಣಿಗಳ ಆಸ್ಪತ್ರೆಗೆ ಹೋಗಿ ವಿಚಾರಿಸಿ ಬಂದೆ. ಡಾಕ್ಟರಮ್ಮ ಸಣ್ಣ ಮೈಕಟ್ಟಿನವರು, ಮಾತು ಉಳಿಯಂಥದ್ದು.

"ಗೋಡೆ ಹಾರಿ ಹೋಗ್ತಾನೆ, ಕಿವಿ ಹರ್ಕೊಂಡು ಬರ್ತಾನೆ. ಸರೀನಾ?"

"ಗಂಡಸಲ್ವಾ ಡಾಕ್ಟರಮ್ಮ."

"ಗಂಡಸಾದೋರು ಕಿವಿ ಹರ್ಕೋಬೇಕು ಅಂತೇನಿಲ್ಲ. ನಿಮ್ಮ ಕಿವಿ ನೆಟ್ಟಗಿದೆಯಲ್ಲ."

ಆಪರೇಷನ್ ಮಂಗಳವಾರ ಮಾತ್ರ. ಮಾಡಿಸಿದ ಮೇಲೂ ಮೈ ತಣ್ಣಗಾಗಲು ಐದಾರು ವಾರ ಬೇಕಂತೆ. ಮಗು ಹತ್ತೊಂಬತ್ತಕ್ಕೆ ಬರುವುದಾದರೆ ಬರುವ ಮಂಗಳವಾರವೇ ಆಗಬೇಕು, ಹೆಚ್ಚೆಂದರೆ ಅದರ ಮುಂದಿನದು. ನಾನು ಹೊರಡುವಾಗ ಹಿಂದಿನಿಂದ ಕರೆದರು.

"ಇನ್ನೊಂದು ಮಾತು ಯಜಮಾನ್ರೇ. ಬೀಜ ತೆಗೆದ್ರೆ ಅಲೆದಾಟ, ಕಾದಾಟ ಕಮ್ಮಿ ಆಗುತ್ತೆ. ನೀವು ಭೇಷ್ ಭೇಷ್ ಅಂತ ಬೆನ್ನು ತಟ್ಟಿ ಕಲ್ಸಿದ್ದು ಕತ್ತರಿಗೆ ಸಿಗಲ್ಲ. ಅದಕ್ಕೆ ಬೇರೆ ದುಡೀಬೇಕು. ಮಗು ಜೊತೆ ಅವನೊಬ್ಬನ್ನೇ ಯಾವತ್ತೂ ಬಿಡಬೇಡಿ."

ಅರ್ಧ ಗುಣಕ್ಕೆ ಪೂರ್ತಿ ಕತ್ತರಿ ಯಾಕೆ ಹಾಗಾದರೆ ಎಂದು ಕೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ.

ಮಾರ್ಚ್ ೯, ಸೋಮವಾರ

೧೪೨/೮೮. ಇದಕ್ಕೆ ಕಾರಣ ಇವಳು, ಅಂದರೆ ನನ್ನ ಹೆಂಡತಿ.

"ನಾಳೆ ಮಂಗಳವಾರ" ಅಂದಳು.

"ಗೊತ್ತು. ಯೋಚ್ನೆ ಮಾಡ್ತಾ ಇದೀನಿ. ಒಂದು ಜೀವದ ಪ್ರಶ್ನೆ. ಅವನದ್ದನ್ನ ತೆಗೆದ ಮೇಲೆ ವಾಪಸ್ ಇಡಕ್ಕಾಗುತ್ತಾ?"

ಅವಳು ಬಟ್ಟೆ ಮಡಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಎರಡನೇ ಮಗು ಹೋದಮೇಲೆ ಇನ್ನು ಮಕ್ಕಳು ಬೇಡ ಅಂತ ಡಾಕ್ಟರು ಹೇಳಿದ್ರಲ್ಲ, ನಿಮಗಾದ್ರೆ ಹತ್ತು ನಿಮಿಷದ ಕೆಲಸ ಅಂದಿದ್ರು. ನೀವು ಭಾರ ಎತ್ತೋನು ನಾನು ಅಂದ್ರಿ. ನನಗೆ ಆಪರೇಷನ್ ಮಾಡ್ಸಕ್ಕೆ ಎಷ್ಟು ದಿನ ಯೋಚ್ನೆ ಮಾಡಿದ್ರಿ, ನೆನಪಿದೆಯಾ?"

ನೆನಪಿದೆ. ಆವತ್ತು ಬೆಳಗ್ಗೆ ಹೇಳಿದರು, ಮಧ್ಯಾಹ್ನ ಸೇರಿಸಿದೆ.

"ದೊರೆಗೆ ಎಂಟನೇ ದಿನ ನಡೀತಾ ಇದೆ" ಅಂದಳು. ಎಣಿಸುವ ಚಾಳಿ ಅವಳಿಗೂ ಅಂಟಿದೆ.

ಮಾರ್ಚ್ ೧೦, ಮಂಗಳವಾರ

ಹನ್ನೊಂದು ಬಾಗಿಲು ಇವತ್ತೇ ಬಂದಿಳಿದವು. ಆಸ್ಪತ್ರೆಗೆ ಹೋಗಲಾಗಲಿಲ್ಲ.

ಮಾರ್ಚ್ ೧೨, ಗುರುವಾರ

ಹಳೇ ಬಾಗಿಲುಗಳನ್ನು ಕೆತ್ತಿ, ಉಜ್ಜಿ ಹೊಸದು ಮಾಡುವವನು ನನ್ನ ಬಡಗಿ. ಹದಿನೆಂಟು ವರ್ಷದ ಗೆಳೆಯ. ದೊರೆಯನ್ನು ಮರಿಯಾಗಿದ್ದಾಗ ಜೇಬಿನಲ್ಲಿ ಹಾಕಿಕೊಂಡು ತಂದವನೇ ಅವನು. ಇವತ್ತು ಕೆಳಗೆ ಬಿದ್ದ ಉಳಿ ಎತ್ತಿಕೊಳ್ಳಲು ಬಗ್ಗಿದ. ದೊರೆ ಪಕ್ಕದಲ್ಲೇ ಮಲಗಿದ್ದ. ಬೊಗಳಲಿಲ್ಲ, ಏಳಲೂ ಇಲ್ಲ. ತಲೆ ತಿರುಗಿಸಿ ಮಣಿಕಟ್ಟು ಹಿಡಿದ. ಒಂದೆರಡು ಗಳಿಗೆ ಹಾಗೇ ಹಿಡಿದಿದ್ದು, ಬಿಟ್ಟ.

"ಕಚ್ಚಿಲ್ಲ ಬಿಡಯ್ಯ, ಸಹಿ ಹಾಕ್ದ ಅಷ್ಟೆ" ಅಂದ ಬಡಗಿ. ನಾವಿಬ್ಬರೂ ನಕ್ಕೆವು. ನಾಲ್ಕು ಕಡೆ ರಕ್ತ ಬಂದಿತ್ತು. ಸೂಜಿ ಹಾಕಿಸಲು ಕಳಿಸಿದೆ.

ಸಂಜೆ ಬಂದು ಸಾಮಾನು ಕಟ್ಟಿಕೊಂಡ. ನಾಳೆಯಿಂದ ಬೇರೆ ಕಡೆ ಕೆಲಸವಂತೆ. ಯಾವಾಗಲೂ ಇಲ್ಲೇ ಬಿಟ್ಟು ಹೋಗುತ್ತಿದ್ದ ಕೀಸುಳಿಯನ್ನೂ ತೆಗೆದುಕೊಂಡ, ಟೀ ಕುಡಿಯುವ ತನ್ನ ಲೋಟವನ್ನೂ ತೆಗೆದುಕೊಂಡ. ಬೇರೆ ಕಡೆ ಲೋಟ ಸಿಗುವುದಿಲ್ಲವೇ?

ಮಾರ್ಚ್ ೧೭, ಮಂಗಳವಾರ

ಇವತ್ತು ಹೋದೆ. ಹೋದದ್ದಂತೂ ಹೋದೆ.

ಆಸ್ಪತ್ರೆಯ ಮೂಲೆಯಲ್ಲಿ ಅದೇ ಆಪರೇಷನ್ ಮುಗಿದ ಒಂದು ಮಚ್ಚೆ ನಾಯಿ ಮಲಗಿತ್ತು. ನಾಲಿಗೆ ನೆಲಕ್ಕೆ ಅಂಟಿತ್ತು, ಕಣ್ಣು ತೆರೆದಿತ್ತು, ಆದರೆ ಯಾರನ್ನೂ ನೋಡುತ್ತಿರಲಿಲ್ಲ. ದೊರೆ ತನ್ನ ಭಾರವನ್ನೆಲ್ಲ ನನ್ನ ಕಾಲಿಗೆ ಹಾಕಿ ಒರಗಿ ನಿಂತ. ಡಾಕ್ಟರಮ್ಮ ಒಂದು ಹಾಳೆ ಮುಂದಿಟ್ಟು, ಇಲ್ಲಿ ಮಾಲೀಕರ ಸಹಿ ಎಂದರು. ಗೆದ್ದಲು ಹಿಡಿದ ಬಾಗಿಲನ್ನು ಮಾತಿನಲ್ಲೇ ಮಾರಿದ ಕೈ ಇದು. ಪೆನ್ನು ಹಿಡಿದು ಕೂತೇ ಇತ್ತು.

"ಮೊದ್ಲು ಕಿವಿ ಗಾಯ ಮಾಯಲಿ ಡಾಕ್ಟರಮ್ಮ. ಆಮೇಲೆ ನೋಡೋಣ."

ಅವರು ನನ್ನನ್ನು ಒಂದು ಸಲ ನೋಡಿದರು. ಕಿವಿಗೆ ಮುಲಾಮು ಹಚ್ಚಿ, ಕೆರೆದುಕೊಳ್ಳದಿರಲೆಂದು ಅವನ ಕೊರಳಿಗೆ ಲಾಳಿಕೆಯಂಥ ಒಂದು ಪ್ಲಾಸ್ಟಿಕ್ ಪಟ್ಟಿ ಕಟ್ಟಿದರು. ಅಷ್ಟರಲ್ಲಿ ಇವಳ ಫೋನ್. ಸುತ್ತ ಎಲ್ಲ ನಾಯಿಗಳೂ ಬೊಗಳುತ್ತಿವೆ.

"ಏನೇ ಆಗ್ಲಿ ಮುಗಿಸ್ಕೊಂಡೇ ಬರಬೇಕು, ಆಯ್ತಾ?"

"ಆಯ್ತು, ಆಯ್ತು" ಅಂದೆ.

"ಆಯ್ತಾ? ಅಬ್ಬ, ಸದ್ಯ" ಎಂದು ಇಟ್ಟುಬಿಟ್ಟಳು.

ಮನೆ ತಲುಪುವಷ್ಟರಲ್ಲಿ ಮಗಳಿಗೆ ಸುದ್ದಿ ಹೋಗಿ, ಅವಳು ಟಿಕೆಟ್ ಮಾಡಿಸಿ ಆಗಿತ್ತು. ಇವಳು ಗೇಟಿನ ಹತ್ತಿರವೇ ನಿಂತು ದೊರೆಯ ಕೊರಳ ಪಟ್ಟಿ ನೋಡಿದಳು. "ಪಾಪ, ತುಂಬ ನೋವಾಯ್ತೇನೋ ನಿಂಗೆ" ಅಂದಳು. ನಾಲ್ಕು ವರ್ಷದಲ್ಲಿ ಅವನೊಡನೆ ಅವಳು ಆಡಿದ ಮೊದಲ ಒಳ್ಳೆಯ ಮಾತು. ತನ್ನ ಹಳೇ ಕಂಬಳಿ ತಂದು ಹಾಸಿದಳು.

ಮಾರ್ಚ್ ೧೮, ಬುಧವಾರ

ನಾನು ಸುಳ್ಳು ಹೇಳಿಲ್ಲ. ಆಯ್ತು ಎಂದರೆ ಸರಿ ಎಂದೂ ಆಗುತ್ತದೆ, ಮುಗಿಯಿತು ಎಂದೂ ಆಗುತ್ತದೆ. ನಾನು ಮೊದಲನೆಯದನ್ನು ಕೊಟ್ಟೆ, ಅವಳು ಎರಡನೆಯದನ್ನು ತೆಗೆದುಕೊಂಡಳು. ಗಿರಾಕಿ ತಾನಾಗಿಯೇ ಬಾಗಿಲು ತೇಗದ್ದು ಅಂದುಕೊಂಡರೆ, ಅಲ್ಲ ಸ್ವಾಮಿ ಅನ್ನಬೇಕೆಂದು ಯಾವ ಕಾನೂನಿದೆ?

ಹಿಂಗಾಲ ಕೂದಲು ದಟ್ಟವಾಗಿದೆ. ಇವಳು ಆ ಕಡೆಯೆಲ್ಲ ಬಗ್ಗಿ ನೋಡುವವಳಲ್ಲ. ಬರುವ ಮಂಗಳವಾರ ಸದ್ದಿಲ್ಲದೆ ಮಾಡಿಸಿಬಿಡೋಣ ಅಂದುಕೊಂಡೆ. ಆದರೆ ಒಂದೇ ನಾಯಿಗೆ ಎರಡು ಸಲ ಆಪರೇಷನ್ ಆಯಿತು ಎಂದು ನಂಬಿಸುವುದು ನನ್ನಂಥವನಿಗೂ ಕಷ್ಟ.

ಮಾರ್ಚ್ ೨೭, ಶುಕ್ರವಾರ

ಕೊರಳ ಪಟ್ಟಿ ಬಿಚ್ಚಿದೆವು. "ನೋಡಿ, ಎಷ್ಟು ಸಾಧು ಆಗಿದಾನೆ. ಕಣ್ಣೇ ಬೇರೆ ಥರ ಆಗಿದೆ" ಎಂದು ಇವಳು ಮಗಳಿಗೆ ಫೋನಿನಲ್ಲಿ ಹೇಳುತ್ತಿದ್ದಳು. ಮೊದಲೆಲ್ಲ ಅವನನ್ನು ಕಂಡರೆ ಸೆರಗು ಎತ್ತಿಕೊಂಡು ಸುತ್ತುಹಾಕಿ ಹೋಗುತ್ತಿದ್ದವಳು ಈಗ ಅವನನ್ನು ದಾಟಿಕೊಂಡೇ ಓಡಾಡುತ್ತಾಳೆ. ನಂಬಿಕೆ ಅನ್ನುವುದು ದೊಡ್ಡ ಔಷಧಿ. ಕುಡಿದದ್ದು ಇವಳು, ಗುಣವಾದದ್ದು ನಾಯಿಗೆ.

ಕೈಗೆ ವಾರ್ನಿಷ್ ಅಂಟಿತ್ತು. ಅದಕ್ಕೆ ದೊರೆಯ ತಟ್ಟೆಯನ್ನು ಕಾಲಿನಿಂದ ತಳ್ಳಿದೆ.

ಏಪ್ರಿಲ್ ೬, ಸೋಮವಾರ

೧೪೮/೯೨.

ಶನಿವಾರ ಗೋಡೆ ಹಾರಿ ಹೋದವನು ಇವತ್ತು ಬಂದ. ಎದೆಯ ಮೇಲೆ ರಕ್ತ ಒಣಗಿತ್ತು. ತೊಳೆಯಲು ಹೋದ ಇವಳು ಹುಡುಕಿ ಹುಡುಕಿ, "ಎಲ್ಲೂ ಗಾಯನೇ ಇಲ್ವಲ್ಲ" ಅಂದಳು. ಅದು ಅವನ ರಕ್ತವಲ್ಲ.

"ಆಪರೇಷನ್ ಆದಮೇಲೂ ಯಾಕೆ ಹೀಗೆ ಓಡೋದು?"

"ಅಭ್ಯಾಸಬಲ ಕಣೆ. ರಿಟೈರ್ ಆದೋರು ದಿನಾ ಬೆಳಗ್ಗೆ ಆಫೀಸ್ ದಾರೀಲೇ ವಾಕಿಂಗ್ ಹೋಗಲ್ವಾ, ಹಾಗೆ."

ನಕ್ಕಳು. ನನಗೆ ಮಂಡಿ ನೋವು ಶುರುವಾಗಿದೆ, ಬಗ್ಗಲಾಗುವುದಿಲ್ಲ. ಬಾಗಿಲು ಎಳೆಯುವ ಉದ್ದ ಕೊಕ್ಕೆಯಿಂದ ತಟ್ಟೆ ತಳ್ಳುತ್ತಿದ್ದೇನೆ. ಅನುಕೂಲವಾಗಿದೆ.

ಏಪ್ರಿಲ್ ೧೪, ಮಂಗಳವಾರ

ಊಟಕ್ಕೆಂದು ಹೋದರೆ ದೊರೆ ಮನೆಯ ಮೆಟ್ಟಿಲ ಮೇಲೆ ಅಡ್ಡ ಮಲಗಿದ್ದ. ನೋಡಿದ. ನಾನೂ ನೋಡಿದೆ. ಆಗ ನೆನಪಾಯಿತು, ತಿರುಗಣಿಗಳನ್ನು ಅಳತೆ ಪ್ರಕಾರ ಜೋಡಿಸುವುದು ಬಹಳ ದಿನದಿಂದ ಬಾಕಿ ಇತ್ತು. ವಾಪಸ್ ಅಂಗಳಕ್ಕೆ ಬಂದು ಇನ್ನೂರ ಹನ್ನೆರಡು ತಿರುಗಣಿ ಜೋಡಿಸಿದೆ. ಮುಕ್ಕಾಲು ಗಂಟೆ ಹಿಡಿಯಿತು. ಅವನು ತಾನಾಗಿಯೇ ಎದ್ದು ಹೋದ. ಈ ವಾರ ಇದು ಮೂರನೇ ಸಲ. ಒಟ್ಟಿನಲ್ಲಿ ಗೋದಾಮು ಓರಣವಾಗುತ್ತಿದೆ.

ಗಿರಾಕಿಗಳು ಕಡಿಮೆ. ಗೇಟಿನ ಹೊರಗೆ ನಿಂತು ಕೂಗಿ ಕೇಳುತ್ತಾರೆ.

ಏಪ್ರಿಲ್ ೧೯, ಭಾನುವಾರ

ಬಂದರು.

ಗುಬ್ಬಿಯನ್ನು ಇಳಿಸಿದ್ದೇ ತಡ, ಎರಡೂ ಕೈ ಎತ್ತಿಕೊಂಡು ತೂರಾಡುತ್ತಾ ನೇರ ದೊರೆಯ ಹತ್ತಿರ ಹೋದಳು. ಹರಿದ ಕಿವಿಯನ್ನು ಹಿಡಿದು ಜಗ್ಗಿದಳು. ದೊರೆ ಕಣ್ಣು ಮುಚ್ಚಿದ. ಬಾಲವನ್ನು ಒಂದೇ ಒಂದು ಸಲ ಆಡಿಸಿದ.

ಮಗಳ ಕಣ್ಣಲ್ಲಿ ನೀರು ಬಂತು. "ನಿಮಗೆ ಅವನು ಅಂದ್ರೆ ಎಷ್ಟು ಅಂತ ನಂಗೊತ್ತಪ್ಪ. ಆದ್ರೂ ನನ್ನ ಮಾತಿಗೆ ಬೆಲೆ ಕೊಟ್ರಲ್ಲ."

ಊಟ ಸೇರಲಿಲ್ಲ. ಪ್ರಯಾಣ ಮಾಡಿ ಬಂದವರಿಗೆ ಹಸಿವಿತ್ತು, ಕೂತಲ್ಲೇ ಕೂತಿದ್ದ ನನಗೆ ಎಲ್ಲಿಂದ ಬರಬೇಕು?

ಏಪ್ರಿಲ್ ೨೨, ಬುಧವಾರ

ಗುಬ್ಬಿ ಹೋದಲ್ಲೆಲ್ಲ ದೊರೆ ಹೋಗುತ್ತಾನೆ. ಅವಳ ಚಾಪೆಯ ಅಂಚಿನಲ್ಲೇ ಮಲಗುತ್ತಾನೆ. ಇವತ್ತು ಸ್ನಾನಕ್ಕೆಂದು ಇವಳು ಮಗುವನ್ನು ಎತ್ತಲು ಬಗ್ಗಿದಾಗ ಗುರ್ರೆಂದ. ಗಂಟಲಿನಿಂದ ಬಂದ ಸದ್ದಲ್ಲ ಅದು. ನೆಲದೊಳಗಿನಿಂದ ಬಂದಂತಿತ್ತು.

ಇವಳು ಅವನ ಮೂತಿಯ ಮೇಲೆ ಒಂದು ಏಟು ಹಾಕಿದಳು. "ಸಾಕು ಸುಮ್ಮನಿರೋ. ಹಲ್ಲು ಕಿತ್ತ ಹಾವಾದ್ರೂ ಬುಸ್ ಅನ್ನೋದು ಬಿಡಲ್ಲ ನೋಡು."

ಮಗುವನ್ನು ಎತ್ತಿಕೊಂಡು ಅವನನ್ನು ದಾಟಿಕೊಂಡು ಹೋದಳು. ಅವನ ಕಣ್ಣು ಅವಳ ಹಿಮ್ಮಡಿಯ ಜೊತೆಗೇ ಬಚ್ಚಲುಮನೆಯ ತನಕ ಹೋಯಿತು.

ಏಪ್ರಿಲ್ ೨೩, ಗುರುವಾರ

ಬೀದಿಯ ಕೊನೆಗೆ ಹೋಗಿ ನಿಂತು ಡಾಕ್ಟರಮ್ಮನಿಗೆ ಫೋನ್ ಮಾಡಿ, ಮನೆಯವರು ಏನೆಂದು ನಂಬಿದ್ದಾರೆ ಎಂಬುದನ್ನೂ ಸೇರಿಸಿ ಎಲ್ಲ ಹೇಳಿದೆ.

"ಮಗು ಮನೇಲಿದೆಯಾ? ಅವನಿನ್ನೂ ಬಿಡುಬೀಸಾಗಿದಾನಾ?" ಅವರ ದನಿ ಬದಲಾಯಿತು. "ಮಂಗಳವಾರ ಕರ್ಕೊಂಡು ಬನ್ನಿ. ಅಲ್ಲೀವರೆಗೂ ಸರಪಳಿ ಹಾಕಿ. ಅದಕ್ಕೂ ಮೊದ್ಲು ಮನೆಯವರಿಗೆ ಹೇಳಿ. ಅವ್ರಿಗೆ ಹೆದರಿಕೆ ಇಲ್ಲ ನೋಡಿ, ಅದೇ ಅಪಾಯ."

ಸರಪಳಿ ಹುಡುಕಿ ತೆಗೆದೆ. ತುಕ್ಕು ಹಿಡಿದಿದೆ. ಎಣ್ಣೆ ಹಚ್ಚಿ ಇಟ್ಟಿದ್ದೇನೆ. ಐದೇ ದಿನ.

ಏಪ್ರಿಲ್ ೨೭, ಸೋಮವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಎಡಗೈಗೆ ಏಳು ಹೊಲಿಗೆ ಬಿದ್ದಿದೆ, ಬಲಗೈ ಚೆನ್ನಾಗಿದೆ.

ಮಗಳು ಟ್ರೇನಿಂಗಿಗೆ ಹೋಗಿದ್ದಳು. ಹತ್ತೂವರೆಗೆ ಇವಳು, "ಗುಬ್ಬಿ ಮಲಗಿದೆ, ಔಷಧಿ ಅಂಗಡಿಗೆ ಹೋಗಿ ಬರ್ತೀನಿ, ಒಳಗೇ ಕೂತಿರಿ" ಎಂದು ಹೊರಟಳು. ಗೇಟಿನ ಹತ್ತಿರ ಒಬ್ಬ ಗಿರಾಕಿ ಕೂಗಿದ. ಎರಡು ಮಾತಾಡಿ ಬಂದೆ. ಅಷ್ಟರಲ್ಲಿ ದೊರೆ ಒಳಗೆ ಹೋಗಿ ಹೊಸ್ತಿಲಿಗೆ ಅಡ್ಡ ಮಲಗಿದ್ದ. ಅವನ ಹಿಂದೆ ನಡುಮನೆಯಲ್ಲಿ, ಚಾಪೆಯ ಮೇಲೆ ಮಗು.

ಮೆಟ್ಟಿಲ ಮೇಲೆ ಕಾಲಿಟ್ಟೆ. ಎದ್ದ. ಬೊಗಳಲಿಲ್ಲ. ತುಟಿ ಮೇಲಕ್ಕೆ ಹೋಯಿತು, ಅಷ್ಟೆ. ಕಾಲು ತೆಗೆದೆ. ಸರಪಳಿ ತಂದೆ. ಸರಪಳಿ ಹಿಡಿದುಕೊಂಡು ನಿಂತೆ. ಒಳಗೆ ಗುಬ್ಬಿ ಎದ್ದು ಕೂತಳು, ತೂರಾಡುತ್ತಾ ಬಂದು ಅವನ ಬೆನ್ನಿಗೆ ಕೆನ್ನೆ ಇಟ್ಟಳು. ಅವನು ಕದಲಲಿಲ್ಲ. ನನ್ನನ್ನೇ ನೋಡುತ್ತಿದ್ದ. ನಾಲ್ಕು ವರ್ಷ ನನ್ನ ಬೆರಳು ನೆಕ್ಕಿದ ಮುಖ. ಗಿರಾಕಿಯನ್ನು ನೋಡುವ ಹಾಗೆ ನೋಡುತ್ತಿತ್ತು.

ಗೇಟು ಕಿರ್ರೆಂದಿತು. "ಎದ್ಳಾ ನಮ್ಮ ಗುಬ್ಬಿ?" ಎನ್ನುತ್ತಾ ಇವಳು ಚೀಲ ಬೀಸಿಕೊಂಡು ನೇರ ಬಾಗಿಲಿಗೇ ಬಂದಳು. ಚಪ್ಪಲಿ ಬಿಟ್ಟಳು. ಅವನನ್ನು ದಾಟಲು ಸೀರೆಯ ನೆರಿಗೆ ಎತ್ತಿ ಹಿಡಿದಳು.

ಮಾತೇ ಬಂಡವಾಳ ಎಂದುಕೊಂಡು ಬದುಕಿದವನು ನಾನು.

ಸರಪಳಿಯನ್ನು ಅವಳ ಮುಂದೆ ಅಡ್ಡ ಹಿಡಿದೆ. "ದೊರೆಗೆ ಆಪರೇಷನ್ ಆಗಿಲ್ಲ ಕಣೆ."

ಅವಳು ನನ್ನ ಮುಖ ನೋಡಿದಳು. ಆಮೇಲೆ ದೊರೆಯ ಮುಖ ನೋಡಿದಳು, ಮೊದಲ ಸಲ ನೋಡುವವಳಂತೆ. ಎತ್ತಿದ ಕಾಲನ್ನು ನಿಧಾನವಾಗಿ ಹಿಂದಿಟ್ಟಳು. ಚೀಲ ಕೆಳಗಿಟ್ಟು ಬಡಗಿಗೆ ಫೋನ್ ಮಾಡಿದಳು.

ಬಾಗಿಲು ಮಾರುವವನ ಮನೆಗೆ ಇರುವುದು ಒಂದೇ ಬಾಗಿಲು. ಅಡುಗೆಮನೆಗೊಂದು ಹಿಂಬಾಗಿಲು ಇಡಿಸಿ ಎಂದು ಅವಳು ಹತ್ತೊಂಬತ್ತು ವರ್ಷ ಕೇಳಿದ್ದಾಳೆ. ನಡುಮನೆಯ ಹಿಂದುಗಡೆ ಕಂಬಿ ಹಾಕಿದ ಕಿಟಕಿ ಇದೆ, ಅದು ಓಣಿಗೆ ತೆರೆಯುತ್ತದೆ. ಬಡಗಿ ಹಾರೆ ಹಿಡಿದು ಓಣಿಯಿಂದಲೇ ಬಂದ.

"ನೀವು ಇಲ್ಲೇ ನಿಂತು ಅವನ ಜೊತೆ ಮಾತಾಡ್ತಾ ಇರಿ" ಎಂದು ಇವಳು ಓಣಿಯ ಕಡೆಗೆ ಹೊರಟಳು. "ಅದೊಂದು ಬರುತ್ತಲ್ಲ ನಿಮಗೆ."

ಮಾತಾಡಿದೆ. ಏನು ಮಾತಾಡಿದೆನೋ. ಅಂಗಳದಲ್ಲಿರುವ ಬಾಗಿಲುಗಳನ್ನೆಲ್ಲ ಒಂದೊಂದಾಗಿ ಅವನಿಗೆ ಮಾರಿದೆ. ಹಿಂದೆ ಚೌಕಟ್ಟು ಸಡಿಲವಾಗುವ ಸದ್ದು. ಹನ್ನೊಂದನೇ ನಿಮಿಷಕ್ಕೆ ಗಾರೆ ದೊಪ್ಪನೆ ಒಳಗೆ ಬಿತ್ತು. ದೊರೆ ಆ ಕಡೆ ತಿರುಗಿದ. ಕಿಟಕಿಯ ತೂತಿನಲ್ಲಿ ಇವಳ ತಲೆ, ಒಂದು ಕೈ.

ಸರಪಳಿಯನ್ನು ಹೊಸ್ತಿಲಿಗೆ ಬಡಿದು ಒಳಗೆ ಹೆಜ್ಜೆ ಇಟ್ಟೆ. ಅವನು ನನ್ನ ಕಡೆಗೆ ಬಂದ. ತೋಳು ಹಿಡಿದ. ಬಿಡಲಿಲ್ಲ. ಅವನ ಹೆಗಲ ಮೇಲಿಂದ ನನಗೆ ಕಂಡದ್ದು ಇಷ್ಟು: ಇವಳು ಅರ್ಧ ಮೈ ಒಳಗೆ ಹಾಕಿದ್ದಾಳೆ, ಗುಬ್ಬಿ ಅಜ್ಜಿಯನ್ನು ಕಂಡು ನಗುತ್ತಾ ಕೈ ಚಾಚಿದ್ದಾಳೆ, ಆಮೇಲೆ ಕಿಟಕಿಯಲ್ಲಿ ಬರೀ ಓಣಿಯ ಬೆಳಕು.

ಚಾಪೆ ಖಾಲಿಯಾದದ್ದನ್ನು ನೋಡಿದ ಮೇಲೆ ದೊರೆ ಬಿಟ್ಟ. ಹೋಗಿ ಅದರ ಮೇಲೆ ಮಲಗಿದ.

ಸಂಜೆ ಇವಳು, ಮಗಳು, ಗುಬ್ಬಿ ಮೂವರೂ ಟ್ರೇನಿಂಗಿನವರು ಕೊಟ್ಟ ಒಂಟಿ ಕೋಣೆಗೆ ಹೋದರು.

ಏಪ್ರಿಲ್ ೨೯, ಬುಧವಾರ

ನಿನ್ನೆ ಡಾಕ್ಟರಮ್ಮನೇ ವ್ಯಾನ್ ತಂದರು. ತಿನ್ನುವುದರಲ್ಲಿ ಮತ್ತಿನ ಔಷಧಿ ಬೆರೆಸಿ ಮಲಗಿಸಿ ಕರೆದೊಯ್ದರು. ಸಹಿ ಹಾಕಿದೆ. ಅರ್ಧ ನಿಮಿಷವೂ ಹಿಡಿಯಲಿಲ್ಲ. ಮುಗಿದ ಸುದ್ದಿಯನ್ನು ಇವಳಿಗೆ ಫೋನಿನಲ್ಲಿ ಹೇಳಿದೆ. "ಡಾಕ್ಟರ ಕೈಗೆ ಕೊಡಿ" ಅಂದಳು. ಅವರ ಬಾಯಿಂದ ಕೇಳಿಕೊಂಡಳು. ನನ್ನ ಕೈಗೆ ಫೋನ್ ವಾಪಸ್ ಬರುವಷ್ಟರಲ್ಲಿ ಇಟ್ಟಿದ್ದಳು. ಅವನಿರುವ ಮನೆಗೆ ಬರುವುದಿಲ್ಲ, ಕತ್ತರಿ ಬಿದ್ದಿದ್ದರೂ ಸರಿ ಎಂದು ಡಾಕ್ಟರಮ್ಮನ ಹತ್ತಿರ ಹೇಳಿದಳಂತೆ.

"ಆರು ವಾರ ನೋಡಿ" ಅಂದರು ಡಾಕ್ಟರಮ್ಮ. "ನಾನು ಮಾತು ಕೊಡಲ್ಲ. ಇಂಥ ನಾಯಿಗಳನ್ನ ಪಳಗಿಸೋರು ನನಗೆ ಗೊತ್ತಿರೋರು ಒಬ್ರಿದಾರೆ, ಅವರತ್ರ ಕಳಿಸೋದು ಒಳ್ಳೇದು. ಹೇಳ್ತೀರಾ?" ಯೋಚನೆ ಮಾಡಿ ಹೇಳುತ್ತೇನೆ ಎಂದೆ.

ದೊರೆ ಹೊಸ್ತಿಲಿನಲ್ಲಿ ಅಡ್ಡ ಮಲಗಿದ್ದಾನೆ. ಔಷಧಿಯ ಮತ್ತು ಪೂರ್ತಿ ಇಳಿದಿಲ್ಲ, ತಲೆ ಎತ್ತಲಾಗುವುದಿಲ್ಲ. ಬೆಳಗ್ಗೆ ಅವನನ್ನು ದಾಟಲು ಹೋದೆ. ಒಂದೇ ಕಣ್ಣು ತೆರೆದ.

ಮಧ್ಯಾಹ್ನ ಬಡಗಿ ಫೋನ್ ಮಾಡಿದ್ದ. "ಕಿಟಕಿ ಯಾವಾಗ ಕೂರಿಸ್ಲಯ್ಯ? ಮನೆ ಬಾಯಿ ಬಿಟ್ಕೊಂಡು ನಿಂತಿದೆ."

"ಇರಲಿ ಬಿಡು. ಸೆಕೆಗಾಲ, ಗಾಳಿ ಬರುತ್ತೆ" ಅಂದೆ.

ಕಿಟಕಿಯ ತೂತಿನ ಕೆಳಗೆ ಓಣಿಯ ಕಡೆ ಎರಡು ಇಟ್ಟಿಗೆ, ಒಳಗಡೆ ಒಂದು ಮಣೆ ಹಾಕಿಕೊಂಡಿದ್ದೇನೆ. ಒಂದೇ ಕೈಯಲ್ಲಿ ಹತ್ತುವಾಗ ಮಂಡಿಗೆ ಸ್ವಲ್ಪ ಕಷ್ಟ, ರೂಢಿಯಾಗುತ್ತಿದೆ. ಇವತ್ತು ಏಳು ಸಲ ಹೋಗಿ ಬಂದೆ.